ಕಲಾ ಯೋಜನೆಗೆ ಕಿರು ಅನುದಾನ: ತಿರಸ್ಕೃತವಾದ ಅರ್ಜಿಯನ್ನು ಮತ್ತೆ ಬರೆಯುವುದು ಹೇಗೆ?

ಪ್ರಶ್ನೆ – ದೃಶ್ಯಕಲೆಯ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾವು ವಿಶ್ವವಿದ್ಯಾಲಯದ ಬೇರೆ ಬೇರೆ ವಿಭಾಗಗಳಲ್ಲಿ ಓದುತ್ತಿರುವ ಐದು ಮಂದಿ. ಆವರಣದಲ್ಲಿ ರಾತ್ರಿ ಪಾಳಿಯಲ್ಲಿ ದುಡಿಯುವ ಕಾವಲುಗಾರರು, ಸ್ವಚ್ಛತಾ ಸಿಬ್ಬಂದಿ, ಗ್ರಂಥಾಲಯದ ಸಹಾಯಕರು ಮೊದಲಾದವರ ಮಾತುಗಳನ್ನು ದಾಖಲಿಸಿಕೊಂಡು, ಕತ್ತಲೆ ತುಂಬಿದ ಉದ್ದನೆಯ ಮೊಗಸಾಲೆಯೊಂದರಲ್ಲಿ ಕೇಳುಗರು ನಡೆದು ಹೋಗುತ್ತಿದ್ದಂತೆ ಆ ದನಿಗಳು ಒಂದಾದ ಮೇಲೊಂದು ಎದುರಾಗುವಂತಹ ಪ್ರದರ್ಶನವನ್ನು ರೂಪಿಸಬೇಕೆಂದು ಒಂದು ವರ್ಷದಿಂದ ಯೋಚಿಸುತ್ತಿದ್ದೇವೆ. ಓದು ಮುಗಿಸಿ ಹೊರಡುವ ಮುನ್ನ ಇದೊಂದು ಕೆಲಸವನ್ನು ಮಾಡಿಯೇ ಹೋಗಬೇಕೆಂಬ ಹಂಬಲ ನಮ್ಮೆಲ್ಲರದು.

ಕಳೆದ ಅವಧಿಯಲ್ಲಿ, ವಿದ್ಯಾರ್ಥಿಗಳ ಕಲಾ ಯೋಜನೆಗಳಿಗೆಂದೇ ಮೀಸಲಾದ ಕಿರು ಅನುದಾನಕ್ಕೆ ಅರ್ಜಿ ಸಲ್ಲಿಸಿದೆವು. "ಯೋಜನೆಯ ವ್ಯಾಪ್ತಿ ಸ್ಪಷ್ಟವಾಗಿಲ್ಲ" ಎಂಬ ಒಂದೇ ಸಾಲಿನ ಉತ್ತರದೊಂದಿಗೆ ಅದು ಮರಳಿತು. ಅರ್ಜಿಯ ಮೊದಲ ವಾಕ್ಯ ಹೀಗಿತ್ತು: "ಅದೃಶ್ಯತೆ, ಶ್ರಮ ಮತ್ತು ಸ್ಮೃತಿಗಳ ನಡುವಿನ ಸಂಕೀರ್ಣ ಸಂಬಂಧವನ್ನು ಶೋಧಿಸುವ ಈ ಬಹುಮಾಧ್ಯಮ ಯೋಜನೆಯು ಕಾಲ ಮತ್ತು ದೇಶದ ಕುರಿತ ಸ್ಥಾಪಿತ ಗ್ರಹಿಕೆಗಳನ್ನು ಪ್ರಶ್ನಿಸುತ್ತದೆ." ಕೇಳಬಹುದಾದ ಗರಿಷ್ಠ ಮೊತ್ತವನ್ನು 100 ಎಂದು ಇಟ್ಟುಕೊಂಡರೆ, ನಾವು ಅಷ್ಟನ್ನೂ ಕೇಳಿದ್ದೆವು: ದನಿ ದಾಖಲಿಸುವ ರೆಕಾರ್ಡರ್ ಕೊಳ್ಳಲು 45, ಹಾರ್ಡ್ ಡಿಸ್ಕಿಗೆ 15, ಪೋಸ್ಟರ್ ಮುದ್ರಣಕ್ಕೆ 20, ಇತರೆ ವೆಚ್ಚಕ್ಕೆ 20.

ಮುಂದಿನ ಸುತ್ತಿನ ಅರ್ಜಿಗೆ ಇನ್ನು ಮೂರು ವಾರಗಳಿವೆ. ಕಲೆಯ ಕುರಿತು ಎಷ್ಟು ಬರೆಯಬೇಕು, ಖರ್ಚಿನ ಕುರಿತು ಎಷ್ಟು ಬರೆಯಬೇಕು? ಗರಿಷ್ಠ ಮೊತ್ತವನ್ನೇ ಕೇಳುವುದು ತಪ್ಪೇ? ನಮ್ಮ ವಿಭಾಗದಲ್ಲಿಯೂ ಒಂದು ಸಣ್ಣ ನಿಧಿ ಇರುವುದರಿಂದ, ಒಂದೇ ಯೋಜನೆಗೆ ಎರಡೂ ಕಡೆ ಅರ್ಜಿ ಹಾಕಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.


ಉತ್ತರ 1 – ಆಯ್ಕೆ ಸಮಿತಿಯಲ್ಲಿದ್ದ ಹಿರಿಯ ವಿದ್ಯಾರ್ಥಿ

ಇಂತಹದೇ ಒಂದು ನಿಧಿಯ ಆಯ್ಕೆ ಸಮಿತಿಯಲ್ಲಿ ನಾನು ಎರಡು ವರ್ಷ ವಿದ್ಯಾರ್ಥಿ ಪ್ರತಿನಿಧಿಯಾಗಿದ್ದೆ. ಮೇಜಿನ ಆ ಬದಿಯಲ್ಲಿ ಕುಳಿತಾಗ ಅರ್ಜಿ ಹೇಗೆ ಕಾಣುತ್ತದೆ ಎಂಬುದನ್ನು ಹೇಳಿದರೆ ನಿಮಗೆ ಹೆಚ್ಚು ಉಪಯೋಗವಾದೀತು.

ಸಮಿತಿಯಲ್ಲಿ ಕಲೆ ಬಲ್ಲವರು ಒಬ್ಬರೋ ಇಬ್ಬರೋ ಇರುತ್ತಾರೆ. ಉಳಿದವರಲ್ಲಿ ಬೇರೆ ವಿಷಯದ ಅಧ್ಯಾಪಕರು, ಲೆಕ್ಕಪತ್ರ ನೋಡುವವರು, ನನ್ನಂತಹ ಪ್ರತಿನಿಧಿಗಳು ಸೇರಿರುತ್ತಾರೆ. ಇವರೆಲ್ಲರೂ ತಮ್ಮ ದಿನದ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಒಂದರ ಹಿಂದೊಂದರಂತೆ ಹತ್ತಾರು ಅರ್ಜಿಗಳನ್ನು ಓದುತ್ತಾರೆ. ಓದುತ್ತಿರುವಾಗ ಅವರ ಮನಸ್ಸಿನಲ್ಲಿ ಇರುವ ಪ್ರಶ್ನೆಗಳು ಬಹಳ ಸರಳವಾದವು: ಇವರು ಏನನ್ನು ಮಾಡುತ್ತಾರೆ, ಎಲ್ಲಿ, ಯಾವಾಗ, ಯಾರು ಬಂದು ನೋಡುತ್ತಾರೆ, ಈ ಹಣ ಸಿಗದಿದ್ದರೆ ಯಾವ ಭಾಗ ನಿಂತುಹೋಗುತ್ತದೆ? ನಿಮ್ಮ ಹಳೆಯ ಮೊದಲ ವಾಕ್ಯದಲ್ಲಿ ಈ ಪೈಕಿ ಒಂದಕ್ಕೂ ಉತ್ತರವಿರಲಿಲ್ಲ. ರಾತ್ರಿ ಪಾಳಿ ಎಂಬ ಮಾತೇ ಅಲ್ಲಿಲ್ಲ. ಆದರೆ ನೀವು ಇಲ್ಲಿ ಬರೆದಿರುವ ಪ್ರಶ್ನೆಯ ಮೊದಲ ಪರಿಚ್ಛೇದವನ್ನು ಓದಿದ ಕೂಡಲೇ ಆ ಮೊಗಸಾಲೆ ನನ್ನ ಕಣ್ಣಿಗೆ ಕಟ್ಟಿತು. ಅಪರಿಚಿತರಿಗೆ ನಾಲ್ಕು ಮಾತಿನಲ್ಲಿ ವಿವರಿಸಬೇಕಾಗಿ ಬಂದಾಗ ನೀವೇ ಸಹಜವಾಗಿ ಬರೆದ ಆ ಭಾಷೆಯನ್ನೇ ಅರ್ಜಿಗೂ ಬಳಸಿ. "ವ್ಯಾಪ್ತಿ ಸ್ಪಷ್ಟವಾಗಿಲ್ಲ" ಎಂಬ ಟೀಕೆಗೆ ನನ್ನ ಅನುಭವದಲ್ಲಿ ಇರುವ ಅರ್ಥವೂ ಇದೇ: ಎಷ್ಟು ಮಂದಿಯ ಮಾತು, ಎಷ್ಟು ನಿಮಿಷದ ಧ್ವನಿ, ಎಷ್ಟು ದಿನದ ಪ್ರದರ್ಶನ ಎಂಬ ಅಂಕಿಗಳು ಅವರಿಗೆ ಕಾಣಲಿಲ್ಲ.

ಮೊದಲ ಪರಿಚ್ಛೇದವನ್ನು ಸುಮಾರು ಹೀಗೆ ಕಟ್ಟಬಹುದು. "ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಮ್ಮ ಆವರಣವನ್ನು ನೋಡಿಕೊಳ್ಳುವ ಹತ್ತು ಮಂದಿ ಸಿಬ್ಬಂದಿಯ ಮಾತುಗಳನ್ನು ದಾಖಲಿಸಿ, ಅವುಗಳಿಂದ ನಲವತ್ತು ನಿಮಿಷಗಳ ಧ್ವನಿ ಪ್ರದರ್ಶನವನ್ನು ರೂಪಿಸಿ, ನಾಲ್ಕು ಸಂಜೆಗಳ ಕಾಲ ಇಂತಹ ಕಟ್ಟಡದ ಮೊಗಸಾಲೆಯಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಡುತ್ತೇವೆ." ಅಂಕಿಗಳು ನನ್ನ ಊಹೆ, ನಿಮ್ಮವನ್ನು ಹಾಕಿಕೊಳ್ಳಿ. ಇದಾದ ನಂತರ, ಈ ದನಿಗಳನ್ನು ಕತ್ತಲೆಯಲ್ಲಿಯೇ ಏಕೆ ಕೇಳಿಸಬೇಕು, ಮುಖವನ್ನು ತೋರಿಸದಿರುವುದರಿಂದ ಏನಾಗುತ್ತದೆ ಎಂಬ ಕಲೆಯ ಪ್ರಶ್ನೆಯನ್ನು ಒಂದು ಪರಿಚ್ಛೇದದಲ್ಲಿ ಮನಸಾರೆ ಬರೆಯಿರಿ. ಏನು ಮಾಡುತ್ತೀರಿ ಎಂಬುದು ಗೊತ್ತಾದ ಓದುಗನಿಗೆ ಏಕೆ ಮಾಡುತ್ತೀರಿ ಎಂಬುದರಲ್ಲಿ ತಾನಾಗಿಯೇ ಆಸಕ್ತಿ ಹುಟ್ಟುತ್ತದೆ.

ಅಂಕಗಳನ್ನು ಯಾವ ಯಾವ ಮಾನದಂಡಕ್ಕೆ ಎಷ್ಟೆಷ್ಟು ಎಂದು ನಿಧಿಯವರು ಪ್ರಕಟಿಸಿದ್ದರೆ, ಅವರದೇ ಶಬ್ದಗಳನ್ನು ಉಪಶೀರ್ಷಿಕೆಗಳಾಗಿ ಮಾಡಿಕೊಳ್ಳಿ. ಇದರಿಂದ ಬರವಣಿಗೆಯ ಸೊಗಸು ಸ್ವಲ್ಪ ಕುಂದಬಹುದಾದರೂ, ಅಂಕ ಹಾಕುವವರು ಉತ್ತರವನ್ನು ಹುಡುಕಿಕೊಂಡು ಪುಟ ತಿರುವಬೇಕಾದ ಪ್ರಸಂಗ ಬರುವುದಿಲ್ಲ. ಹಾಗೆಯೇ, ಆ ಒಂದು ಸಾಲಿನ ಉತ್ತರ ಕಳುಹಿಸಿದವರಿಗೆ ಪತ್ರ ಬರೆದು ಹತ್ತು ನಿಮಿಷ ಮಾತನಾಡಲು ಸಾಧ್ಯವೇ ಎಂದು ಈ ವಾರವೇ ಕೇಳಿ. ನಾನಿದ್ದ ಸಮಿತಿಯಲ್ಲಿ ಹಾಗೆ ಕೇಳಿದವರು ಬಹಳ ಕಡಿಮೆ, ಕೇಳಿದವರಿಗೆ ನಾವು ಎಂದೂ ಇಲ್ಲವೆನ್ನಲಿಲ್ಲ.


ಉತ್ತರ 2 – ರಂಗತಂಡದ ಲೆಕ್ಕ ನೋಡಿಕೊಂಡವರು

ಮೇಲಿನವರು ಬರೆದದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ಮಾತು ಖರ್ಚಿನ ಪಟ್ಟಿಗೆ ಸೀಮಿತ. ಎಷ್ಟೋ ಮಂದಿ ಅದನ್ನು ಕೊನೆಯ ರಾತ್ರಿ ತುಂಬಿಸುವ ನಮೂನೆಯೆಂದು ಭಾವಿಸುತ್ತಾರೆ. ಯೋಜನೆಯನ್ನು ನೀವು ಎಷ್ಟು ದೂರ ಯೋಚಿಸಿದ್ದೀರಿ ಎಂಬುದು ಆ ಪಟ್ಟಿಯಲ್ಲಿ ಕಾಣುವಷ್ಟು ಬೇರೆಲ್ಲಿಯೂ ಕಾಣುವುದಿಲ್ಲ ಎಂಬುದು ನನ್ನ ಬಲವಾದ ನಂಬಿಕೆ.

ನಿಮ್ಮ ಹಳೆಯ ಪಟ್ಟಿಯನ್ನೇ ನೋಡೋಣ. ದನಿಯ ಪ್ರದರ್ಶನವೊಂದರ ಪಟ್ಟಿಯಲ್ಲಿ ಸ್ಪೀಕರ್‌ಗಳೇ ಇಲ್ಲ. ಮಾತನಾಡುವ ಹತ್ತಾರು ಮಂದಿಗೆ ಕೊಡಬೇಕಾದದ್ದು ಇಲ್ಲ. ಆದರೆ ಹೆಚ್ಚುಕಡಿಮೆ ಅರ್ಧದಷ್ಟು ಹಣ ಪ್ರದರ್ಶನ ಮುಗಿದ ಮೇಲೂ ಉಳಿಯುವ ವಸ್ತುವೊಂದನ್ನು ಕೊಳ್ಳಲು ಹೋಗುತ್ತದೆ. ಕಿರು ಅನುದಾನ ಕೊಡುವವರು ಸಾಮಾನ್ಯವಾಗಿ ಉಪಕರಣಗಳ ಖರೀದಿಗೆ ಹಿಂಜರಿಯುತ್ತಾರೆ, ಏಕೆಂದರೆ ಯೋಜನೆ ಮುಗಿದ ಮೇಲೆ ಆ ವಸ್ತು ಯಾರದು, ಎಲ್ಲಿರಬೇಕು, ಯಾರು ಜೋಪಾನ ಮಾಡಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಮಾಧ್ಯಮ ವಿಭಾಗದಲ್ಲಿಯೋ ಸಂಗೀತ ವಿಭಾಗದಲ್ಲಿಯೋ ರೆಕಾರ್ಡರ್ ಎರವಲು ಸಿಗುತ್ತದೆಯೇ ವಿಚಾರಿಸಿ. ಸಿಕ್ಕಿದರೆ, ಅದರ ಬಾಡಿಗೆ ಎಷ್ಟಾಗುತ್ತಿತ್ತು ಎಂಬುದನ್ನು "ನೆರವಿನ ರೂಪದಲ್ಲಿ ದೊರೆತದ್ದು" ಎಂಬ ಪ್ರತ್ಯೇಕ ಕಾಲಮ್ಮಿನಲ್ಲಿ ತೋರಿಸಿ. ಬೇರೆಯವರೂ ನಿಮ್ಮನ್ನು ನಂಬಿ ಕೈಜೋಡಿಸಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ಒಂದು ಸಣ್ಣ ಲೆಕ್ಕ ಮಾಡಬಹುದಿತ್ತು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ (ಸೆಕೆಂಡಿಗೆ 48,000 ಅಳತೆ, ಪ್ರತಿ ಅಳತೆಗೆ 3 ಬೈಟ್) ಒಂದೇ ಮೈಕಿನಿಂದ ದಾಖಲಿಸಿದರೆ ಸೆಕೆಂಡಿಗೆ 1,44,000 ಬೈಟ್ ಆಗುತ್ತದೆ, ಅಂದರೆ ಗಂಟೆಗೆ ಸುಮಾರು 520 ಮೆಗಾಬೈಟ್. ಹತ್ತು ಮಂದಿಯನ್ನು ತಲಾ ಎರಡು ಗಂಟೆ ಮಾತನಾಡಿಸಿದರೂ ಒಟ್ಟು 11 ಗಿಗಾಬೈಟ್ ಮೀರುವುದಿಲ್ಲ. ಎರಡು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡುವುದಕ್ಕೆ ನಿಮ್ಮ ಬಳಿ ಈಗಾಗಲೇ ಇರುವ ಸಾಧನಗಳೇ ಸಾಕು. ಇಂತಹ ಲೆಕ್ಕ ಬಲ್ಲವರೊಬ್ಬರು ಸಮಿತಿಯಲ್ಲಿದ್ದರೆ ಆ 15 ಎಂಬ ಅಂಕಿ ಉಳಿದ ಅಂಕಿಗಳ ಮೇಲಿನ ನಂಬಿಕೆಯನ್ನೂ ಅಲುಗಾಡಿಸುತ್ತದೆ.

"ಇತರೆ" ಎಂಬ ಸಾಲನ್ನು ತೆಗೆದುಹಾಕಿ. ಅನಿರೀಕ್ಷಿತ ವೆಚ್ಚಕ್ಕೆಂದು ಉಳಿದೆಲ್ಲದರ ಮೊತ್ತದ ಶೇಕಡಾ 5ರಿಂದ 10ರಷ್ಟನ್ನು ಅದೇ ಹೆಸರಿನಲ್ಲಿ ಇಡುವುದು ವಾಡಿಕೆ. ನಿಯಮಾವಳಿ ಅದನ್ನು ಒಪ್ಪುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಗರಿಷ್ಠ ಮೊತ್ತವನ್ನು ಕೇಳುವುದು ಖಂಡಿತ ತಪ್ಪಲ್ಲ. ಆದರೆ ಒಂದೊಂದು ಸಾಲಿನ ಎದುರಿಗೂ ಆ ಅಂಕಿ ಎಲ್ಲಿಂದ ಬಂತು ಎಂಬುದಿರಬೇಕು: ಇಷ್ಟು ಸ್ಪೀಕರ್, ಇಷ್ಟು ದಿನ, ದಿನಕ್ಕೆ ಇಷ್ಟು ಬಾಡಿಗೆ, ಇಂತಹ ದಿನಾಂಕದ ದರಪಟ್ಟಿಯಂತೆ.

ಎರಡು ನಿಧಿಗಳ ವಿಷಯ. ನಿಯಮ ನಿಷೇಧಿಸದಿದ್ದರೆ ಎರಡೂ ಕಡೆ ಅರ್ಜಿ ಹಾಕಬಹುದು, ಆದರೆ ಒಂದೇ ಖರ್ಚನ್ನು ಎರಡು ಕಡೆ ತೋರಿಸುವಂತಿಲ್ಲ, ಒಂದು ಅರ್ಜಿಯ ವಿಷಯವನ್ನು ಇನ್ನೊಂದರಲ್ಲಿ ಮುಚ್ಚಿಡುವಂತೆಯೂ ಇಲ್ಲ. ಮುದ್ರಣದ ವೆಚ್ಚ ವಿಭಾಗದ ನಿಧಿಯಿಂದ, ಸ್ಪೀಕರ್ ಬಾಡಿಗೆ ಈ ನಿಧಿಯಿಂದ ಎಂದು ಗೆರೆ ಎಳೆದು, ಅಲ್ಲಿ ಸಿಗದಿದ್ದರೆ ಯಾವುದನ್ನು ಕಡಿಮೆ ಮಾಡಿಕೊಳ್ಳುತ್ತೀರಿ ಎಂಬುದನ್ನೂ ಒಂದು ವಾಕ್ಯದಲ್ಲಿ ತಿಳಿಸಿ.

ಕೊನೆಯದಾಗಿ, ನಮ್ಮ ತಂಡವೇ ಅನುಭವಿಸಿದ ಕಷ್ಟವೊಂದನ್ನು ಹೇಳಬೇಕು. ಅನುದಾನ ಮಂಜೂರಾದ ಸಂತೋಷದಲ್ಲಿ ನಾವು ಹಣ ಮೊದಲೇ ಕೈಗೆ ಬರುತ್ತದೆಂದು ತಿಳಿದಿದ್ದೆವು. ಅದು ಖರ್ಚಾದ ಮೇಲೆ ರಸೀದಿ ತೋರಿಸಿ ಮರಳಿ ಪಡೆಯುವ ವ್ಯವಸ್ಥೆಯಾಗಿತ್ತು. ಇಬ್ಬರು ಸ್ನೇಹಿತರು ತಮ್ಮ ಕೈಯಿಂದ ಹಾಕಿದ ಹಣ ಹಿಂದಿರುಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು, ಅವರಲ್ಲಿ ಒಬ್ಬರಿಗೆ ಅದು ನಿಜಕ್ಕೂ ಹೊರೆಯಾಯಿತು. ಮಂಜೂರಾತಿ ಪತ್ರದ ದಿನಾಂಕಕ್ಕಿಂತ ಮೊದಲು ಮಾಡಿದ ಒಂದು ಖರ್ಚನ್ನಂತೂ ಒಪ್ಪಲೇ ಇಲ್ಲ. ಆದ್ದರಿಂದ ಹಣ ಮುಂಗಡವಾಗಿ ಬರುತ್ತದೆಯೇ, ಯಾರ ಖಾತೆಗೆ ಬರುತ್ತದೆ, ಯಾವ ದಿನಾಂಕದಿಂದ ಖರ್ಚು ಮಾಡಬಹುದು ಎಂಬ ಮೂರನ್ನೂ ಅರ್ಜಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ. ಕೈಯಲ್ಲಿ ಹಣವಿಲ್ಲದ ವಿದ್ಯಾರ್ಥಿಯ ಹೆಗಲ ಮೇಲೆ ಈ ಭಾರ ಬೀಳಬಾರದು.


ಕೇಳಿದವರ ಮರುಪ್ರಶ್ನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸ್ಪೀಕರ್‌ಗಳ ವಿಷಯದಲ್ಲಿ ಆದ ಲೋಪ ಓದಿದ ಮೇಲೆಯೇ ನಮಗೆ ಹೊಳೆಯಿತು. ರೆಕಾರ್ಡರನ್ನು ಸಂಗೀತ ವಿಭಾಗದವರು ಎರವಲು ಕೊಡಲು ಒಪ್ಪಿದ್ದಾರೆ. ಇನ್ನೆರಡು ಸಂದೇಹಗಳಿವೆ. ಮಾತನಾಡುವವರಿಂದ ಬಾಯಿಮಾತಿನ ಒಪ್ಪಿಗೆ ಪಡೆದರೆ ಸಾಲದೇ? ಮತ್ತೆ, ರಾತ್ರಿ ಪಾಳಿಯವರು ಕೆಲಸದ ನಡುವೆ ಕೇಳುವ ಒಂದೆರಡು ಹಳೆಯ ಚಿತ್ರಗೀತೆಗಳನ್ನು ಹಿನ್ನೆಲೆಯಲ್ಲಿ ಬಳಸಬೇಕೆಂದಿದ್ದೇವೆ. ಅದಕ್ಕೆ ಅನುಮತಿ ಬೇಕಾಗುತ್ತದೆಯೇ?


ಉತ್ತರ 3 – ಮೌಖಿಕ ಇತಿಹಾಸದ ಸಂಶೋಧಕಿ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅನುಮತಿ ಬೇಕು. ಹಕ್ಕುಸ್ವಾಮ್ಯದ ಕುರಿತು 1886ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಇಂದಿನ ರೂಪದಂತೆ, ಕೃತಿಯೊಂದಕ್ಕೆ ರಕ್ಷಣೆ ದೊರೆಯಲು ನೋಂದಣಿಯ ಅಗತ್ಯವಿಲ್ಲ, ಮತ್ತು ಸಾಮಾನ್ಯವಾಗಿ ಕರ್ತೃವಿನ ಜೀವಿತಾವಧಿಯ ನಂತರ ಕನಿಷ್ಠ 50 ವರ್ಷಗಳವರೆಗೆ ಅದು ಮುಂದುವರಿಯುತ್ತದೆ. ಅನೇಕ ದೇಶಗಳಲ್ಲಿ ಈ ಅವಧಿ 70 ವರ್ಷ. ಹಾಡಿನ ವಿಷಯದಲ್ಲಿ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು, ಆ ನಿರ್ದಿಷ್ಟ ಧ್ವನಿಮುದ್ರಣದ ಹಕ್ಕು ಇನ್ನೊಂದು. ಎರಡೂ ಬೇರೆ ಬೇರೆಯವರ ಬಳಿ ಇರಬಹುದು. ಹಾಡು ಹಳೆಯದೆಂಬ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ.

ಕರ್ತೃಗಳೇ ತಮ್ಮ ಕೃತಿಯನ್ನು ಕೆಲವು ಷರತ್ತುಗಳೊಂದಿಗೆ ಇತರರ ಬಳಕೆಗೆ ಬಿಟ್ಟುಕೊಡುವ, 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳ ಅಡಿಯಲ್ಲಿ ಬಿಡುಗಡೆಯಾದ ಸಂಗೀತವನ್ನು ಹುಡುಕುವುದು ಒಂದು ದಾರಿ. ಅಲ್ಲಿಯೂ ಷರತ್ತುಗಳನ್ನು ಓದಿಕೊಳ್ಳಬೇಕು. ಕರ್ತೃವಿನ ಹೆಸರು ಹೇಳಿದರೆ ಸಾಕು ಎನ್ನುವ ಪರವಾನಗಿ ನಿಮಗೆ ಅತ್ಯಂತ ಅನುಕೂಲಕರ. ಮಾರ್ಪಡಿಸಿ ಹಂಚುವುದನ್ನು ನಿಷೇಧಿಸುವ ಪರವಾನಗಿಯಿರುವ ಸಂಗೀತವನ್ನು ಕತ್ತರಿಸಿ, ಮಾತಿನೊಂದಿಗೆ ಬೆರೆಸಿ ಬಳಸುವುದು ಸರಿಯಾಗಲಾರದು. ಅದಕ್ಕಿಂತಲೂ ನನಗೆ ಇಷ್ಟವಾಗುವ ದಾರಿ ಬೇರೆಯೇ ಇದೆ: ಹಾಡಿನ ಬದಲು, ಆ ಹಾಡಿನ ಬಗ್ಗೆ ಅವರು ಆಡುವ ಮಾತನ್ನೇ ಕೇಳಿಸಿ. ಬೀಗದ ಗೊಂಚಲಿನ ಸದ್ದು, ನೆಲ ಒರೆಸುವ ಸದ್ದು, ಖಾಲಿ ಮೆಟ್ಟಿಲ ಮೇಲಿನ ಹೆಜ್ಜೆ, ಇವೆಲ್ಲ ನೀವೇ ದಾಖಲಿಸಬಹುದಾದ ಸಂಗೀತ.

ಈಗ ಒಪ್ಪಿಗೆಯ ವಿಷಯ, ಇದು ನನಗೆ ಬಹಳ ಮುಖ್ಯವಾದದ್ದು. ಬಾಯಿಮಾತಿನ ಒಪ್ಪಿಗೆ ಸಾಲದು. ನೀವು ಮಾತನಾಡಿಸಲಿರುವವರು ತಾವು ದುಡಿಯುವ ಸ್ಥಳದ ಬಗ್ಗೆ, ಅದೇ ಸ್ಥಳದಲ್ಲಿ, ತಮ್ಮ ಮೇಲಧಿಕಾರಿಗಳೂ ಬಂದು ಕೇಳಬಹುದಾದ ಪ್ರದರ್ಶನಕ್ಕಾಗಿ ಮಾತನಾಡುತ್ತಾರೆ. ಅವರಲ್ಲಿ ಕೆಲವರು ಗುತ್ತಿಗೆಯ ಮೇಲೆ ದುಡಿಯುವವರೂ ಆಗಿರಬಹುದು. ಮುಖ ಕಾಣದಿದ್ದರೂ, ಪ್ರತಿದಿನ ಜೊತೆಗೆ ಕೆಲಸ ಮಾಡುವವರಿಗೆ ದನಿ ಗುರುತು ಸಿಗುತ್ತದೆ. ಆದ್ದರಿಂದ ದಾಖಲಾತಿ ಎಲ್ಲಿ ಬಳಕೆಯಾಗುತ್ತದೆ, ಎಷ್ಟು ಕಾಲ ಇಡುತ್ತೀರಿ, ಅಂತರ್ಜಾಲಕ್ಕೆ ಹಾಕುತ್ತೀರೋ ಇಲ್ಲವೋ ಎಂಬುದನ್ನು ಅವರಾಡುವ ಭಾಷೆಯಲ್ಲಿಯೇ ಒಂದು ಪುಟದಲ್ಲಿ ಬರೆದು, ಓದಲು ಕಷ್ಟವಾಗುವವರಿಗೆ ಓದಿ ಹೇಳಿ, ಸಹಿ ಪಡೆಯಿರಿ. ಸಂಪಾದಿಸಿದ ಭಾಗವನ್ನು ಪ್ರದರ್ಶನಕ್ಕೆ ಮೊದಲು ಅವರಿಗೆ ಕೇಳಿಸಿ, ಇಂತಹ ದಿನಾಂಕದವರೆಗೆ ಕಾರಣ ಹೇಳದೆ ಹಿಂದೆಗೆದುಕೊಳ್ಳಬಹುದೆಂದು ಸ್ಪಷ್ಟವಾಗಿ ತಿಳಿಸಿ. ಯೋಜನೆಯ ಯಾವುದೇ ಭಾಗ ಸಂಶೋಧನೆಯಾಗಿಯೂ ದಾಖಲಾಗುವುದಾದರೆ ನೈತಿಕ ಪರಿಶೀಲನಾ ಸಮಿತಿಯ ಅನುಮತಿ ಬೇಕಾಗಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯುವುದರಿಂದ ವೇಳಾಪಟ್ಟಿಯಲ್ಲಿ ಮೊದಲ ಸಾಲೇ ಅದಾಗಿರಲಿ.

ಮಾತನಾಡಿದವರಿಗೆ ಗೌರವಧನ ಕೊಡಿ, ಅದನ್ನು ಪಟ್ಟಿಯಲ್ಲಿ ಸಂಕೋಚವಿಲ್ಲದೆ ತೋರಿಸಿ. ನಿದ್ದೆಗೆಟ್ಟು ದುಡಿದವರು ತಮ್ಮ ವಿಶ್ರಾಂತಿಯ ಎರಡು ಗಂಟೆಯನ್ನು ನಿಮಗೆ ಕೊಡುತ್ತಾರೆ. ಇನ್ನೊಂದು ಮಾತು: ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸುವುದಕ್ಕೆ ಅಭ್ಯಾಸವಿದ್ದವರಿಗೂ ನಾಲ್ಕು ಗಂಟೆ ಬೇಕು. ಇಪ್ಪತ್ತು ಗಂಟೆಯೆಂದರೆ ಎಂಬತ್ತು ಗಂಟೆಯ ದುಡಿಮೆ. ಯಾರು ಯಾವ ವಾರ ಅದನ್ನು ಮಾಡುತ್ತೀರಿ ಎಂದು ವೇಳಾಪಟ್ಟಿಯಲ್ಲಿ ಬರೆದರೆ, ಕೆಲಸ ಬಲ್ಲವರ ಅರ್ಜಿಯೆಂದು ಓದಿದವರಿಗೆ ಗೊತ್ತಾಗುತ್ತದೆ.


ಉತ್ತರ 4 – ಧ್ವನಿ ವಿನ್ಯಾಸದ ವಿದ್ಯಾರ್ಥಿ

ಚಿಕ್ಕದಾದರೂ ಅಗತ್ಯವೆನಿಸಿದ ಒಂದು ವಿಷಯ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸ್ಪೀಕರಿನ ಧ್ವನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗಟ್ಟಿ ಗೋಡೆ, ಗಟ್ಟಿ ನೆಲದ ಮೊಗಸಾಲೆಯಲ್ಲಿ ಪ್ರತಿಫಲನದಿಂದಾಗಿ ಅಷ್ಟು ಇಳಿಯುವುದೇ ಇಲ್ಲ. ಹಾಗಾಗಿ ಒಂದಾದ ಮೇಲೊಂದು ಎದುರಾಗಬೇಕಾದ ದನಿಗಳು ಒಂದರ ಮೇಲೊಂದು ಬಿದ್ದು ಯಾವ ಮಾತೂ ತಿಳಿಯದಂತಾಗುವ ಸಂಭವವಿದೆ. ಅರ್ಜಿ ಹಾಕುವ ಮುನ್ನ ಎರಡು ಸಣ್ಣ ಸ್ಪೀಕರ್ ಎರವಲು ತಂದು, ರಾತ್ರಿ ಅದೇ ಜಾಗದಲ್ಲಿ ಅರ್ಧ ಗಂಟೆ ಪರೀಕ್ಷಿಸಿ ನೋಡಿ. ದಪ್ಪ ಬಟ್ಟೆ ತೂಗುಹಾಕಬೇಕೇ, ಸ್ಪೀಕರ್‌ಗಳ ಸಂಖ್ಯೆ ತಗ್ಗಿಸಬೇಕೇ ಎಂಬುದು ಆಗ ತಿಳಿಯುತ್ತದೆ. ಆ ಪರೀಕ್ಷೆಯ ಒಂದು ನಿಮಿಷದ ಧ್ವನಿಯನ್ನು ಅರ್ಜಿಯೊಂದಿಗೆ ಲಗತ್ತಿಸಲು ಅವಕಾಶವಿದ್ದರೆ ಲಗತ್ತಿಸಿ. ಕತ್ತಲೆಯ ಪ್ರದರ್ಶನವಾದ್ದರಿಂದ ತುರ್ತು ನಿರ್ಗಮನದ ದೀಪಗಳನ್ನು ಮುಚ್ಚುವುದಿಲ್ಲವೆಂದೂ, ತಂತಿಗಳು ನಡೆಯುವ ದಾರಿಗೆ ಅಡ್ಡ ಬರುವುದಿಲ್ಲವೆಂದೂ, ಕಿವಿ ಕೇಳದವರಿಗಾಗಿ ಮಾತುಗಳ ಮುದ್ರಿತ ಪ್ರತಿ ಇರುತ್ತದೆಂದೂ ಬರೆಯಿರಿ.


ಕೇಳಿದವರು, ಹನ್ನೆರಡು ದಿನಗಳ ನಂತರ

ಎಲ್ಲರ ಸಲಹೆಯಂತೆ ನಡೆದುಕೊಂಡೆವು. ನಿಧಿಯ ಕಚೇರಿಯವರು ಕಾಲು ಗಂಟೆ ಮಾತನಾಡಿದರು. ಅರ್ಧದಷ್ಟು ಹಣವನ್ನು ಮುಂಗಡವಾಗಿ ಕೊಡುವ ವ್ಯವಸ್ಥೆಯಿದ್ದು, ಅದಕ್ಕೆ ಪ್ರತ್ಯೇಕವಾಗಿ ಕೋರಬೇಕಂತೆ. ಮೊಗಸಾಲೆಯ ಪರೀಕ್ಷೆಯಲ್ಲಿ ದನಿಗಳು ಹೇಳಿದಂತೆಯೇ ಕಲಸಿಹೋದವು. ಆದ್ದರಿಂದ ಎಂಟು ಸ್ಪೀಕರ್‌ಗಳ ಬದಲು ನಾಲ್ಕಕ್ಕೆ ಇಳಿಸಿ, ನಡುವೆ ಬಟ್ಟೆ ಇಳಿಬಿಡಲು ನಿರ್ಧರಿಸಿದ್ದೇವೆ. ಚಿತ್ರಗೀತೆಗಳನ್ನು ಕೈಬಿಟ್ಟೆವು. ಒಪ್ಪಿಗೆ ಪತ್ರವನ್ನು ಓದಿ ಹೇಳಿದಾಗ ಕಾವಲುಗಾರರೊಬ್ಬರು, ಪ್ರದರ್ಶನವನ್ನು ರಾತ್ರಿ ಪಾಳಿ ಆರಂಭವಾಗುವ ಮೊದಲೇ ತೆರೆದರೆ ತಾವೂ ಬಂದು ಕೇಳಬಹುದಲ್ಲವೇ ಎಂದರು. ವೇಳೆಯನ್ನು ಬದಲಿಸಿದ್ದೇವೆ.

ಹೊಸ ಪಟ್ಟಿ ಇದು: ನಾಲ್ಕು ಸ್ಪೀಕರ್‌ಗಳ ಬಾಡಿಗೆ, ಐದು ದಿನಕ್ಕೆ, 34. ಹತ್ತು ಮಂದಿಗೆ ಗೌರವಧನ, ತಲಾ 3ರಂತೆ, 30. ಮಾತುಗಳ ಮುದ್ರಿತ ಪ್ರತಿಗಳಿಗೆ 14. ಬಟ್ಟೆ, ತಂತಿ, ಅಂಟುಪಟ್ಟಿಗೆ 10. ಅನಿರೀಕ್ಷಿತ ವೆಚ್ಚಕ್ಕೆ 6. ಒಟ್ಟು 96. ರೆಕಾರ್ಡರ್ ಮತ್ತು ಸ್ಥಳ ನೆರವಿನ ರೂಪದಲ್ಲಿ. ವಿಭಾಗದ ನಿಧಿಗೆ ಅರ್ಜಿ ಹಾಕುತ್ತಿಲ್ಲ. ನಾಳಿದ್ದು ಸಲ್ಲಿಸುತ್ತೇವೆ.


ಉತ್ತರ 2 – ರಂಗತಂಡದ ಲೆಕ್ಕ ನೋಡಿಕೊಂಡವರು

ಬಹಳ ಸಂತೋಷವಾಯಿತು. ಅನಿರೀಕ್ಷಿತ ವೆಚ್ಚದ 6, ಉಳಿದ 88ಕ್ಕೆ ಸುಮಾರು ಶೇಕಡಾ 7 ಆಗುತ್ತದೆ, ಅದು ಸರಿಯಾಗಿಯೇ ಇದೆ. ಆದರೆ 34, 30, 14, 10, 6 ಕೂಡಿದರೆ 94 ಆಗುತ್ತದೆ, 96 ಅಲ್ಲ. ಎಲ್ಲಿಯೋ 2 ಬಿಟ್ಟುಹೋಗಿದೆಯೋ, ಕೂಡುವಾಗ ತಪ್ಪಾಗಿದೆಯೋ ನೋಡಿಕೊಳ್ಳಿ. ತಂಡದಲ್ಲಿ ಈ ಪಟ್ಟಿಯನ್ನು ಇದುವರೆಗೆ ನೋಡದ ಒಬ್ಬರಿಗೆ ಕೊಟ್ಟು, ಸಲ್ಲಿಸುವ ಮೊದಲು ಇನ್ನೊಮ್ಮೆ ಕೂಡಿಸಿ.